ಕಡತಗಳ ನಡುವೆ ಒಬ್ಬ ಶಾಸನಪಂಡಿತ

ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ ಹೊಯ್ಸಳ ವೀರಬಲ್ಲಾಳನ ಕಾಲದ ಅಮೃತೇಶ್ವರ ದೇಗುಲವಿದೆ. ಅಲ್ಲಿಯ ಶಿಲಾಶಾಸನವನ್ನು ರಚಿಸಿದವನು ‘ಯಶೋಧರ ಚರಿತೆ’ಯ ಕವಿ ಜನ್ನ. ಜನ್ನನನ್ನು ಪಾಠ ಹೇಳುವಾಗ ಈ ಸಂಗತಿಯನ್ನು ನಾನು ವಿದ್ಯಾರ್ಥಿಗಳಿಗೆ ತಪ್ಪದೆ ತಿಳಿಸುತ್ತೇನೆ; ಅದರೊಡನೆ ಇನ್ನೊಂದು ಹೆಸರನ್ನೂ ಹೇಳುತ್ತೇನೆ. ಅದು ಬಿ. ಎಲ್. ರೈಸ್ ಅವರದು. ಈ ಸೀಮೆಯ ಕಲ್ಬರಹಗಳನ್ನು ಓದಿ ಅಚ್ಚಿಗೆ ತಂದ ಆ ವಿದ್ವಾಂಸರು ತಮ್ಮ ಆಯುಷ್ಯದ ಬಹುಭಾಗವನ್ನು ಸರ್ಕಾರಿ ಕಚೇರಿಯಲ್ಲಿ ಸವೆಸಿದವರು.

ರೈಸ್ ಅವರು 1837ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ತಂದೆ ಲಂಡನ್ ಮಿಷನ್ನಿನ ಪಾದ್ರಿಗಳು, ಕನ್ನಡ ಬಲ್ಲವರು. ಮಗ 1860ರಲ್ಲಿ ಬೆಂಗಳೂರಿನ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಅನಂತರ ಶಾಲಾ ಇನ್‌ಸ್ಪೆಕ್ಟರಾಗಿ, ಮುಂದೆ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಯಾಗಿ ದುಡಿದರು. ಹೋಬಳಿಗೊಂದು ಶಾಲೆಯಾಗಬೇಕೆಂಬ ಯೋಜನೆಯನ್ನು ಮುಂದಿಟ್ಟವರು ಅವರೇ. ಸರ್ಕೀಟು, ತನಿಖೆ, ವರದಿ, ಮತ್ತೆ ವರದಿ—ಇದು ಅವರ ದಿನಚರಿ. ಶಾಸನಗಳನ್ನು ಓದುವುದು ಇನ್‌ಸ್ಪೆಕ್ಟರರ ಕರ್ತವ್ಯವಾಗಿರಲಿಲ್ಲ. ಆದರೆ ಶಾಲೆಗೆ ಹೋಗುವ ಹಾದಿಯಲ್ಲಿಯೇ ಕಲ್ಲುಗಳು ನಿಂತಿದ್ದುವು.

ಇಲ್ಲಿಯೇ ಅವರ ವಿವೇಕವನ್ನು ನಾನು ಕಾಣುತ್ತೇನೆ. ಕಚೇರಿಯನ್ನು ಹಳಿದು ಅವರು ಹೊರಗೆ ಬರಲಿಲ್ಲ. ಕಚೇರಿಗಾಗಿ ತಮ್ಮ ಆಸಕ್ತಿಯನ್ನು ತೊರೆಯಲೂ ಇಲ್ಲ. ಮೇಜರ್ ಡಿಕ್ಸನ್ ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳನ್ನು ಓದುವ ಕೆಲಸ ತಮ್ಮ ಪಾಲಿಗೆ ಬಂದಾಗ ಅದನ್ನು ಬೆಳೆಸಿ 1879ರಲ್ಲಿ ಗ್ರಂಥವನ್ನಾಗಿ ಮಾಡಿದರು. ಮೈಸೂರಿನ ಗೆಜೆಟಿಯರನ್ನು ಬರೆಯಬೇಕಾದಾಗ ಅದರ ಚರಿತ್ರೆಗೆ ಶಾಸನಗಳನ್ನೇ ಆಧಾರವಾಗಿಟ್ಟರು. 1881ರಲ್ಲಿ ರಾಜ್ಯವು ಒಡೆಯರ ಕೈಗೆ ಮರಳಿತು. ಆಡಳಿತ ಬದಲಾಯಿತು, ಅವರ ಕೆಲಸ ನಿಲ್ಲಲಿಲ್ಲ. ಇತರ ಹೊಣೆಗಳು ಕಳಚಿ, ಪ್ರಾಕ್ತನ ಸಂಶೋಧನೆಯೇ ಅವರ ಪೂರ್ಣಕಾಲದ ಉದ್ಯೋಗವಾದುದು 1890ರಲ್ಲಿ. ಅಷ್ಟು ಹೊತ್ತಿಗೆ ಅವರ ವಯಸ್ಸು ಐವತ್ತನ್ನು ದಾಟಿತ್ತು!

‘ಎಪಿಗ್ರಾಫಿಯ ಕರ್ನಾಟಿಕ’ದ ಮೊದಲ ಸಂಪುಟ 1886ರಲ್ಲಿ ಹೊರಬಂದಿತ್ತು. 1905ರ ವೇಳೆಗೆ ಹನ್ನೆರಡು ಸಂಪುಟಗಳಲ್ಲಿ ಸುಮಾರು 9,000 ಶಾಸನಗಳು ಬೆಳಕು ಕಂಡುವು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆಯೆಂದು ಹೆಸರು. ಅದರ ಸಂಪುಟ ಆರನೆಯದು, 1901ರದು. ಗಂಗರ ತಾಮ್ರಪಟಗಳು ಕೂಟಶಾಸನಗಳೆಂದು ಫ್ಲೀಟ್ ಅವರು ಕಟುವಾಗಿ ವಾದಿಸಿದರು. ರೈಸ್ ಉತ್ತರ ಕೊಟ್ಟರು, ಮತ್ತು ಮುಂದಿನ ಸಂಪುಟಕ್ಕೆ ಕೈಹಾಕಿದರು. ಆ ತಾಮ್ರಪಟಗಳಲ್ಲಿ ಹಲವನ್ನು ವಿದ್ವಾಂಸರು ಇಂದಿಗೂ ಒಪ್ಪುವುದಿಲ್ಲ. ಅವರ ಪಾಠಗಳಲ್ಲಿಯೂ ತಿದ್ದಬೇಕಾದುವು ಇವೆ. ಆದರೆ ಭಾಷಾಂತರದೊಡನೆ ಮೂಲಪಾಠವನ್ನೂ ಅಚ್ಚುಮಾಡಿಸಿ, ತಮ್ಮನ್ನು ತಿದ್ದುವ ಸಾಧನವನ್ನು ಅವರೇ ನಮ್ಮ ಕೈಗಿತ್ತರು. 1906ರಲ್ಲಿ ನಿವೃತ್ತರಾಗಿ, 1927ರಲ್ಲಿ ಇಂಗ್ಲೆಂಡಿನಲ್ಲಿ ಕಾಲವಾದರು.

ಸುತ್ತೋಲೆಗಳಿಗೆ ಉತ್ತರ ಬರೆಯುವುದರಲ್ಲಿಯೇ ದಿನ ಕಳೆದುಹೋಯಿತೆಂದು ನಾವು ಅಧ್ಯಾಪಕರು ನಿಡುಸುಯ್ಯುವುದುಂಟು. ಆ ದೂರು ಸುಳ್ಳಲ್ಲ. ಆದರೆ ಬಿಡುವು ದೊರೆತ ಮೇಲೆ ಓದೋಣವೆಂದು ರೈಸ್ ಕಾದಿದ್ದರೆ, ಮೊದಲ ಮೂವತ್ತು ವರ್ಷಗಳು ಬರಿದಾಗುತ್ತಿದ್ದುವು. ಕಡೂರಿನದೋ ಅಜ್ಜಂಪುರದದೋ ವಿದ್ಯಾರ್ಥಿಯೊಬ್ಬನು ತನ್ನ ಊರ ಕಲ್ಲಿನ ಮಾತನ್ನು ತಿಳಿಯಲೆಳಸಿದರೆ, ಅವನು ಮೊದಲು ತೆರೆಯಬೇಕಾದುದು ಇಂದಿಗೂ ಆ ಆರನೆಯ ಸಂಪುಟವನ್ನೇ.