ಷಡ್ಡಕನಿಗೆ ಸೀಮೆ ಬಿಟ್ಟುಕೊಟ್ಟ ಲೂಯಿ ಅರಸನು

ಫ್ರಾನ್ಸ್ ದೇಶದ ಒಂಬತ್ತನೆಯ ಲೂಯಿ ಎಂಬ ಅರಸನು 1214ರಲ್ಲಿ ಹುಟ್ಟಿ, ತಂದೆಯು ತೀರಿಹೋದುದರಿಂದ 1226ರಲ್ಲಿ ಹನ್ನೆರಡು ವರುಷದ ಬಾಲಕನಾಗಿರುವಾಗಲೇ ಪಟ್ಟಕ್ಕೆ ಬಂದನು. ತಾಯಿಯಾದ ಬ್ಲಾಂಚ್ ರಾಣಿಯು ಅವನ ಹೆಸರಿನಲ್ಲಿ ರಾಜ್ಯವಾಳಿ, ಸರದಾರರ ದಂಗೆಗಳನ್ನು ಅಡಗಿಸಿ, ಮಗನನ್ನು ದೇವಭಯದಲ್ಲಿ ಬೆಳೆಸಿದಳು. ರೋಮಾ ಸಭೆಯವರು ಈತನನ್ನು 1297ರಲ್ಲಿ ಸಂತರೊಳಗೆ ಸೇರಿಸಿದರು. ನಾವು ಸಂತರಿಗೆ ಪ್ರಾರ್ಥಿಸುವವರಲ್ಲ. ಆದರೂ ಆತನ ಚರಿತ್ರೆಯಲ್ಲಿ ನಮ್ಮ ಸಭೆಗಳವರು ತಿಳಿಯತಕ್ಕ ಸಂಗತಿಗಳುಂಟು.

1244ರಲ್ಲಿ ಯೆರೂಸಲೇಮು ಕ್ರೈಸ್ತರ ಕೈತಪ್ಪಿತು. ಅದೇ ವರುಷದ ಕೊನೆಯಲ್ಲಿ ಅರಸನು ರೋಗದಿಂದ ಸಾಯುವ ಹಾಗಿದ್ದು, ಚೇತರಿಸಿಕೊಂಡೊಡನೆ ಪರಿಶುದ್ಧ ದೇಶಕ್ಕೆ ದಂಡೆತ್ತಿ ಹೋಗುವೆನೆಂದು ಹರಕೆ ಹೊತ್ತನು. ತಾಯಿಯು ಬೇಡವೆಂದರೂ ಕೇಳಲಿಲ್ಲ. ಸಿದ್ಧತೆಗೆ ಮೂರು ವರುಷಕ್ಕೂ ಹೆಚ್ಚು ಕಾಲ ಹಿಡಿಯಿತು. ಜವುಗು ನೆಲದಲ್ಲಿ ಏಗ್‌ಮೋರ್ತ್ ಎಂಬ ಹೊಸ ರೇವನ್ನು ಕಟ್ಟಿಸಿದನು. ಜಿನೋವಾ, ಮಾರ್ಸೇಯ್ ಪಟ್ಟಣಗಳವರಿಂದ ಹಡಗುಗಳನ್ನು ಗೊತ್ತುಮಾಡಿದನು. ಕುಪ್ರದ್ವೀಪದಲ್ಲಿ ದವಸವನ್ನೂ ದ್ರಾಕ್ಷಾರಸವನ್ನೂ ಕೂಡಿಸಿಡಿಸಿದನು. ಬೈಲಿನಲ್ಲಿ ಹಾಕಿದ ಗೋದಿಯ ರಾಶಿಗಳು ಮಳೆಗೆ ಮೇಲೆ ಮೊಳೆತು ಹಸುರು ಗುಡ್ಡಗಳಂತೆ ತೋರಿದವೆಂದೂ, ಮೇಲಿನ ಪದರವನ್ನು ತೆಗೆದರೆ ಒಳಗಣ ಕಾಳು ಈಗತಾನೇ ಒಕ್ಕಿದಂತಿತ್ತೆಂದೂ ಜೊತೆಯಲ್ಲಿದ್ದ ಜ್ವಾನ್‌ವಿಲ್ ಎಂಬ ಸರದಾರನು ಬರೆದಿಟ್ಟಿದ್ದಾನೆ.

ಇವೆಲ್ಲಕ್ಕಿಂತಲೂ ನಮಗೆ ದೊಡ್ಡದಾಗಿ ಕಾಣುವ ಸಿದ್ಧತೆಯು ಬೇರೊಂದು. 1247ರಲ್ಲಿ ಅರಸನು ದೇಶದ ನಾನಾ ಸೀಮೆಗಳಿಗೆ ವಿಚಾರಕರನ್ನು ಕಳುಹಿಸಿ, ತನ್ನ ಅಧಿಕಾರಿಗಳು ಯಾರ ಹೊಲವನ್ನಾಗಲಿ ಹಣವನ್ನಾಗಲಿ ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ಬಂದು ಹೇಳಬಹುದೆಂದು ಸಾರಿಸಿದನು. ಬಡ ರೈತರೂ ವಿಧವೆಯರೂ ಬಂದು ಹೇಳಿಕೊಂಡರು. ಆ ದೂರುಗಳನ್ನು ಬರೆದ ಪತ್ರಗಳು ಅನೇಕವು ಇಂದಿಗೂ ಉಳಿದಿವೆ. ಜಕ್ಕಾಯನ ವೃತ್ತಾಂತವನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯುದ್ಧವಾದರೋ ಕೆಟ್ಟಿತು. 1248ರಲ್ಲಿ ಹೊರಟು, 1249ರಲ್ಲಿ ಐಗುಪ್ತದ ದಮಿಯೆತ್ತ ಪಟ್ಟಣವನ್ನು ಹಿಡಿದರೂ, 1250ರಲ್ಲಿ ತಮ್ಮನೊಬ್ಬನು ಕೊಲ್ಲಲ್ಪಟ್ಟನು, ಅರಸನೇ ಸೆರೆಸಿಕ್ಕಿದನು. ಬಿಡುಗಡೆಯ ಹಣವನ್ನು ತೂಗಿ ಕೊಡುವಾಗ ಅವನ ಜನರು ಮುಸಲ್ಮಾನರಿಗೆ ಹತ್ತು ಸಾವಿರ ಲೀವ್ರ್ ಕಡಿಮೆ ತೂಗಿದ್ದಾಗಿ ಹಿಗ್ಗಿ ಹೇಳಿದರು. ಅರಸನು ಬಹಳವಾಗಿ ಕೋಪಿಸಿಕೊಂಡು ಪೂರ್ತಿ ಸಲ್ಲಿಸುವಂತೆ ಅಪ್ಪಣೆಮಾಡಿದನು. ವೈರಿಗೆ ಕೊಟ್ಟ ಮಾತೂ ಮಾತೇ ಎಂದು ಆತನ ಎಣಿಕೆ.

1254ರಲ್ಲಿ ಸ್ವದೇಶಕ್ಕೆ ಬಂದ ಮೇಲೆ ನೆರೆಯರಸರೊಂದಿಗಿದ್ದ ಹಳೇ ವ್ಯಾಜ್ಯಗಳನ್ನು ಸಂಧಾನದಿಂದ ತೀರಿಸತೊಡಗಿದನು. ಅರಗೋನಿನ ಅರಸನ ಸಂಗಡ 1258ರಲ್ಲಿ ಒಡಂಬಡಿಕೆಯಾಯಿತು. ಇಂಗ್ಲೆಂಡಿನ ಮೂರನೆಯ ಹೆನ್ರಿಯದು ಹೆಚ್ಚು ತೊಡಕಾದದ್ದು. ಲೂಯಿಯ ಅಜ್ಜನು ಹೆನ್ರಿಯ ತಂದೆಯಿಂದ ನಾರ್ಮಂಡಿ ಮುಂತಾದ ಸೀಮೆಗಳನ್ನು ಕಸಕೊಂಡಿದ್ದನು; 1242ರಲ್ಲಿ ಲೂಯಿಯೇ ಹೆನ್ರಿಯನ್ನು ಸೋಲಿಸಿ ಓಡಿಸಿದ್ದನು. ಆದರೂ 1259ರಲ್ಲಿ ಲಿಮೋಜ್, ಕಾಓರ್, ಪೆರಿಗೇ ಎಂಬ ಮೇತ್ರಾಣಿ ಸೀಮೆಗಳಲ್ಲಿ ತನಗಿದ್ದ ಹಕ್ಕನ್ನು ಅವನಿಗೆ ಬಿಟ್ಟುಕೊಟ್ಟನು. ಮಂತ್ರಿಗಳು ಗೊಣಗಿದರು. ಗೆದ್ದವನು ಕೊಡುವುದುಂಟೇ? ಅರಸನ ಉತ್ತರವೇನೆಂದರೆ, ತಾವಿಬ್ಬರೂ ಅಕ್ಕತಂಗಿಯರನ್ನು ಮದುವೆಯಾದವರು, ಮಕ್ಕಳ ನಡುವೆ ಪ್ರೀತಿಯಿರಬೇಕು; ಅದಲ್ಲದೆ ಹೆನ್ರಿಯು ಇನ್ನು ತನಗೆ ಅಧೀನನಾಗುವನು. ಹಾಗೆಯೇ ಹೆನ್ರಿಯು ನಾರ್ಮಂಡಿಯ ಹಕ್ಕನ್ನು ಬಿಟ್ಟು, ಪ್ಯಾರಿಸ್ಸಿನಲ್ಲಿ ಅವನ ಮುಂದೆ ಮೊಣಕಾಲೂರಿದನು. ಇದರಲ್ಲಿ ಜಾಣತನವೂ ಇತ್ತೆಂಬುದನ್ನು ನಾವು ಮರೆಮಾಡುವುದಿಲ್ಲ. ಒಂದು ಬದುವಿಗಾಗಿ ಒಡಹುಟ್ಟಿದವರು ಮಾತುಬಿಡುವುದನ್ನು ಕಂಡ ನಮಗೆ ಅಂಥ ಜಾಣತನವೂ ಬೇಕೆನಿಸುತ್ತದೆ.

ಆದರೆ ಆತನ ತೀರ್ಪೆಲ್ಲಾ ಸಮಾಧಾನವನ್ನು ತರಲಿಲ್ಲ. 1264ರಲ್ಲಿ ಹೆನ್ರಿಗೂ ಅವನ ಸರದಾರರಿಗೂ ಪಂಚಾಯಿತನಾಗಿ ಕೂತು ಎಲ್ಲವನ್ನೂ ಹೆನ್ರಿಯ ಕಡೆಗೇ ತೀರಿಸಿದ್ದರಿಂದ ಆ ದೇಶದಲ್ಲಿ ಯುದ್ಧವೆದ್ದಿತು. ಯೆಹೂದ್ಯರ ವಿಷಯದಲ್ಲಿ ಆತನ ನ್ಯಾಯವು ಕುರುಡಾಗಿತ್ತು; ಅವರ ತಲ್ಮೂದ್ ಗ್ರಂಥಗಳನ್ನು ಬಂಡಿಗಟ್ಟಲೆ ಪ್ಯಾರಿಸ್ಸಿನಲ್ಲಿ ಸುಡಿಸಿದನು, 1269ರಲ್ಲಿ ಅವರು ಬಟ್ಟೆಯ ಮೇಲೆ ಗುರುತು ಹಚ್ಚಿಕೊಳ್ಳಬೇಕೆಂದು ವಿಧಿಸಿದನು. ಶಿಲುಬೆಯನ್ನು ಎದೆಯ ಮೇಲೆ ಹೊಲಿಸಿಕೊಂಡು ಕತ್ತಿ ಹಿರಿಯುವುದೂ ಕರ್ತನ ಬೋಧನೆಗೆ ವಿರೋಧವೆಂದು ನಾವೆಣಿಸುತ್ತೇವೆ.

1267ರಲ್ಲಿ ಅರಸನು ಮತ್ತೊಮ್ಮೆ ದಂಡಯಾತ್ರೆಯ ಹರಕೆ ಹೊತ್ತು ಜ್ವಾನ್‌ವಿಲನನ್ನೂ ಕರೆದನು. ಅವನು ಒಪ್ಪಲಿಲ್ಲ. ಮೊದಲು ತಾನು ಸಮುದ್ರದಾಚೆಯಲ್ಲಿದ್ದಾಗ ಅರಸನ ಆಳುಗಳೇ ತನ್ನ ಪ್ರಜೆಗಳನ್ನು ಸುಲಿದು ಬಡವರನ್ನಾಗಿ ಮಾಡಿದ್ದರಿಂದ, ಈ ಸಾರಿ ಅವರ ಬಳಿಯಲ್ಲೇ ಉಳಿಯುವೆನೆಂದನು. ಅರಸನು 1270ರಲ್ಲಿ ಟ್ಯೂನಿಸ್ ಪಟ್ಟಣದ ಮುಂದೆ ಪಾಳೆಯವಿಳಿದನು. ಬೇಸಗೆಯಲ್ಲಿ ದಂಡಿನೊಳಗೆ ರೋಗವೆದ್ದು ಮಗನೊಬ್ಬನು ಸತ್ತನು. ಆಗಸ್ಟ್ 25ರಂದು ಅರಸನೂ ಅಲ್ಲಿಯೇ ತೀರಿಹೋದನು.