ಮಾತೃಶ್ರೀ ವೆರೋನಿಕಾ ಅಮ್ಮನವರು

ಕನ್ನಡ ನಾಡಿನ ಬಾಲಿಕೆಯರ ವಿದ್ಯಾಭ್ಯಾಸಕ್ಕಾಗಿ ದುಡಿದ ಪುಣ್ಯಸ್ತ್ರೀಯರಲ್ಲಿ ಅಪೊಸ್ತಲಿಕ ಕಾರ್ಮೆಲ್ ಸಭೆಯ ಸ್ಥಾಪಕಿಯಾದ ಮಾತೃಶ್ರೀ ವೆರೋನಿಕಾ ಅಮ್ಮನವರು ಸದಾ ಸ್ಮರಣೀಯರು.

ಇವರ ಪೂರ್ವಾಶ್ರಮದ ನಾಮಧೇಯವು ಸೋಫಿ ಲೀವ್ಸ್. 1823ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಇವರ ಜನನವಾಯಿತು. ತಂದೆಯವರು ಆಂಗ್ಲಿಕನ್ ಸಭೆಯ ಪಾದ್ರಿಗಳು. ಸತ್ಯವೇದವನ್ನು ಆಧುನಿಕ ಗ್ರೀಕ್ ಭಾಷೆಗೆ ತರುವ ಕಾರ್ಯದಲ್ಲಿ ಶ್ರಮಿಸಿದ ವಿದ್ವಾಂಸರು. ಇಂತಹ ಮನೆಯಲ್ಲಿ ಬೆಳೆದ ಸೋಫಿಯವರು ಬಹುಕಾಲದ ಮನೋಮಥನದ ಬಳಿಕ 1850ರಲ್ಲಿ ಮಾಲ್ಟಾ ದ್ವೀಪದಲ್ಲಿ ಕಥೋಲಿಕ ಸಭೆಯನ್ನು ಸೇರಿದರು. ತರುವಾಯ ಸಂತ ಜೋಸೆಫರ ಕನ್ಯಾಸ್ತ್ರೀಯರ ಸಭೆಯಲ್ಲಿ ವ್ರತವನ್ನು ಕೈಗೊಂಡು, 1860ರ ದಶಕದಲ್ಲಿ ಕಲ್ಲಿಕೋಟೆಗೆ ಬಂದು ಶಾಲೆಯ ಹೊಣೆಯನ್ನು ಹೊತ್ತರು. ಈ ದೇಶದ ಬಾಲಿಕೆಯರಿಗೆ ಯೋಗ್ಯರಾದ ಉಪಾಧ್ಯಾಯಿನಿಯರು ಎಷ್ಟು ಅವಶ್ಯವೆಂಬುದನ್ನು ಅವರು ಅಲ್ಲಿ ಕಂಡುಕೊಂಡರು.

ಆದರೆ ಅವರ ಅಂತರಂಗವು ಕಾರ್ಮೆಲ್ ಮಠದ ಮೌನವನ್ನೂ ಬಯಸುತ್ತಿತ್ತು. 1563ರಲ್ಲಿ ಟ್ರೆಂಟ್ ಮಹಾಸಭೆಯು ಕನ್ಯಾಸ್ತ್ರೀಯರ ಆವರಣ ನಿಯಮವನ್ನು ಬಿಗಿಗೊಳಿಸಿದಂದಿನಿಂದ, ಗೋಡೆಯೊಳಗಿನ ಪ್ರಾರ್ಥನೆಯೇ ಅವರಿಗೆ ಉಚಿತವಾದ ಧರ್ಮವೆಂಬ ಭಾವನೆಯು ಪ್ರಬಲವಾಗಿತ್ತು. ಹೊರಗೆ ಹೋಗಿ ಪಾಠ ಹೇಳುವ ಸೋದರಿಯರ ಸಭೆಗಳು ಬೆಳೆದಿದ್ದರೂ, ಅವುಗಳಿಗೆ ಧರ್ಮಸಭೆಯ ಸ್ಪಷ್ಟವಾದ ಮನ್ನಣೆ ದೊರೆತುದು 1900ರಲ್ಲಿ, ಹದಿಮೂರನೆಯ ಲಿಯೋ ಪೋಪರ ಶಾಸನದಿಂದ. ಧ್ಯಾನವೋ, ಬೋಧನೆಯೋ ಎಂಬ ಈ ಸಂಕಟದ ನಡುವೆ ವೆರೋನಿಕಾ ಅಮ್ಮನವರು ಎರಡನ್ನೂ ಒಂದುಗೂಡಿಸುವ ಹಾದಿಯನ್ನು ಹುಡುಕಿದರು. ಕಾರ್ಮೆಲ್ ಯತಿಗಳಾದ ಮರಿ ಎಫ್ರೆಮ್ ಬಿಷಪರ ಪ್ರೋತ್ಸಾಹದಿಂದ 1868ರ ಜುಲೈ 16ರಂದು ಫ್ರಾನ್ಸ್ ದೇಶದ ಬಯೋನ್ ಪಟ್ಟಣದಲ್ಲಿ ಹೊಸ ಸಭೆಯು ಉದಯಿಸಿತು. ಪ್ರಾರ್ಥನೆಯಲ್ಲಿ ಬೇರೂರಿದ ಬೋಧನೆಯೇ ಅದರ ವ್ರತವಾಯಿತು.

ಮದರ್ ಮರಿ ದೆಜಾಂಜ್ ಅವರ ನಾಯಕತ್ವದಲ್ಲಿ ಅದರ ಪ್ರಥಮ ಸೋದರಿಯರು 1870ರ ನವೆಂಬರಿನಲ್ಲಿ ಮಂಗಳೂರಿಗೆ ಬಂದಿಳಿದರು. ಸಂತ ಆನ್ನಮ್ಮನವರ ಹೆಸರಿನ ಅವರ ಮಠದ ಆಶ್ರಯದಲ್ಲಿ ಬಾಲಿಕೆಯರ ಶಾಲೆಯೂ, ಕಾಲಾನುಕ್ರಮದಲ್ಲಿ ಉಪಾಧ್ಯಾಯಿನಿಯರ ತರಬೇತಿ ಶಾಲೆಯೂ ನೆಲೆಗೊಂಡವು. 1921ರಲ್ಲಿ ಅದೇ ಸಭೆಯ ಮದರ್ ಅಲೋಷಿಯಾ ಅವರು ಸಂತ ಆಗ್ನೆಸ್ ಮಹಿಳಾ ಕಾಲೇಜನ್ನು ಸ್ಥಾಪಿಸಿದರು. ಓದಿದ ಹುಡುಗಿಯು ಓದಿಸುವ ಅಮ್ಮನಾಗುವ ಪರಂಪರೆಯು ಹೀಗೆ ಬೆಳೆಯಿತು.

ಈ ಫಲವನ್ನು ನೆಟ್ಟವರು ಕಣ್ಣಾರೆ ಕಾಣಲಿಲ್ಲ. ಬಯೋನ್ ಮಠವು ಬಹುಕಾಲ ಉಳಿಯಲಿಲ್ಲ. ಅಮ್ಮನವರು ಮರಳಿ ಭಾರತಕ್ಕೆ ಬರಲಿಲ್ಲ. ಪೋ ಪಟ್ಟಣದ ಕಾರ್ಮೆಲ್ ಮಠವನ್ನು ಹೊಕ್ಕು, ಮೌನದಲ್ಲಿ ಪ್ರಾರ್ಥಿಸುತ್ತ 1906ರ ನವೆಂಬರ್ 16ರಂದು ಅಲ್ಲಿಯೇ ದೈವಾಧೀನರಾದರು. 2014ರಲ್ಲಿ ಪೋಪ್ ಫ್ರಾನ್ಸಿಸ್‌ರವರು ಅವರನ್ನು ಪೂಜ್ಯರೆಂದು ಸಾರಿದರು.

ತುಂಗಭದ್ರೆಯ ತಡಿಯ ಹರಿಹರದಲ್ಲಿಯೂ ನಮ್ಮ ದಾವಣಗೆರೆಯಲ್ಲಿಯೂ ಇಂದು ಉಪಾಧ್ಯಾಯಿನಿಯು ತರಗತಿಗೆ ಹೋಗುವುದು ಯಾರಿಗೂ ಸೋಜಿಗವಲ್ಲ. ಅದು ಸೋಜಿಗವಾಗದಂತೆ ಮಾಡಲು ಕೆಲವರು ತಮ್ಮ ಬಾಳನ್ನೇ ತೆತ್ತರು. ಪೂರ್ವ ವಿದ್ಯಾರ್ಥಿನಿಯರು ತಮಗೆ ಅಕ್ಷರ ಕಲಿಸಿದ ಅಮ್ಮಂದಿರನ್ನು ನೆನೆಯಲಿ. ತಾಯಿತಂದೆಗಳು ಮಗಳು ಉಪಾಧ್ಯಾಯಿನಿಯಾಗುವೆನೆಂದರೆ ಅದನ್ನು ಅಲ್ಪವೆಂದು ಎಣಿಸದಿರಲಿ.