ಕೊಡಗಿನ ರಾಜಕುಮಾರಿ ವಿಕ್ಟೋರಿಯಾ ಗೌರಮ್ಮ



ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಂತಹ ಗ್ರಾಮದಿಂದ ಹೆಣ್ಣುಮಗಳೊಬ್ಬಳನ್ನು ವಿದ್ಯಾಭ್ಯಾಸಾರ್ಥವಾಗಿ ದೂರದ ಬೋರ್ಡಿಂಗ್ ಶಾಲೆಗೆ ಕಳುಹಿಸುವುದೆಂದರೆ ಒಂದು ಕಾಲದಲ್ಲಿ ಮನೆಮಂದಿಗೆಲ್ಲ ಸಂಕಟದ ವಿಷಯವಾಗಿತ್ತು. ತಗಡಿನ ಟ್ರಂಕು, ಹಾಸಿಗೆಯ ಸುರುಳಿ, ಅಜ್ಜಿಯು ಕಟ್ಟಿಕೊಟ್ಟ ಹುರಿಗಡಲೆ ಬೆಲ್ಲದ ಗಂಟು, ಇವಿಷ್ಟನ್ನು ಹೊತ್ತು ಊರ ಬಾಗಿಲು ದಾಟುವಾಗ ಅಳದ ಹುಡುಗಿಯೇ ಇರಲಿಲ್ಲ. ಆದರೂ ದಸರೆಗೋ ಕ್ರಿಸ್ಮಸ್ ರಜೆಗೋ ಮರಳಿ ಬರುವೆನೆಂಬ ಧೈರ್ಯವು ಆಕೆಗೆ ಇದ್ದೇ ಇತ್ತು. ಅಂತಹ ಧೈರ್ಯಕ್ಕೆ ಎಡೆಯೇ ಇಲ್ಲದೆ, ಸುಮಾರು ಹನ್ನೊಂದನೆಯ ವಯಸ್ಸಿನಲ್ಲಿ ಕಡಲಾಚೆಗೆ ಹೋಗಿ, ತನ್ನವರ ನಾಡಿಗೆ ಒಮ್ಮೆಯೂ ಬಾರದೆ ಅಲ್ಲಿಯೇ ಮಣ್ಣಾದ ರಾಜಕುಮಾರಿಯೊಬ್ಬಳ ಚರಿತ್ರೆಯನ್ನು ಇಲ್ಲಿ ಬರೆಯಲಾಗಿದೆ.

ಗೌರಮ್ಮನ ತಂದೆಯು ಕೊಡಗಿನ ಕಡೆಯ ಅರಸನಾದ ಚಿಕ್ಕವೀರರಾಜೇಂದ್ರನು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1956ರಲ್ಲಿ ಪ್ರಕಟಿಸಿದ ಕಾದಂಬರಿಯಿಂದ ಈತನ ಹೆಸರನ್ನು ಅರಿಯದ ಕನ್ನಡ ವಾಚಕರು ವಿರಳ. ಹಾಲೇರಿ ವಂಶದವರು ಲಿಂಗವಂತ ಮತದವರು. ಅವರ ದರ್ಬಾರಿನ ಬರಹವೆಲ್ಲ ಕನ್ನಡದಲ್ಲಿಯೇ ನಡೆಯುತ್ತಿತ್ತು. 1820ರಲ್ಲಿ ಪಟ್ಟಕ್ಕೆ ಬಂದ ಈ ಅರಸನು ಕ್ರೂರಿಯೆಂದು ಹೆಸರಾದನು. ಅವನ ಸ್ವಂತ ತಂಗಿ ದೇವಮ್ಮಾಜಿಯೂ ಆಕೆಯ ಗಂಡ ಚನ್ನಬಸಪ್ಪನೂ 1832ರಲ್ಲಿ ಪ್ರಾಣಭಯದಿಂದ ಮೈಸೂರು ಸೀಮೆಗೆ ಓಡಿಹೋಗಿ ಇಂಗ್ಲಿಷರ ಆಶ್ರಯವನ್ನು ಬೇಡಿದರು. ಅವರನ್ನು ಹಿಂದಕ್ಕೆ ಒಪ್ಪಿಸಬೇಕೆಂದು ಅರಸನು ಹಟ ಹಿಡಿದನು, ಕುಂಪಣಿಯವರು ಒಪ್ಪಲಿಲ್ಲ. 1834ನೆಯ ಏಪ್ರಿಲಿನಲ್ಲಿ ಕುಂಪಣಿಯ ದಂಡು ನಾಲ್ಕು ಕಡೆಯಿಂದ ಕೊಡಗನ್ನು ಹೊಕ್ಕಿತು. ಮೇ ತಿಂಗಳಲ್ಲಿ ಆ ನಾಡು ಇಂಗ್ಲಿಷರ ಆಡಳಿತಕ್ಕೆ ಸೇರಿತು. ಪದಚ್ಯುತನಾದ ಅರಸನನ್ನು ಪರಿವಾರಸಮೇತ ಮೊದಲು ವೇಲೂರಿಗೂ ಅಲ್ಲಿಂದ ಕಾಶಿಗೂ ಕಳುಹಿಸಿದರು.

ಕಾಶಿಯಲ್ಲಿ, 1841ನೆಯ ಇಸವಿಯಲ್ಲಿ, ಗೌರಮ್ಮನು ಹುಟ್ಟಿದಳು. ಆದುದರಿಂದ ಆಕೆಯು ಕೊಡಗಿನ ಬೆಟ್ಟಗಳನ್ನು ಕಣ್ಣಿನಿಂದ ಕಂಡವಳೇ ಅಲ್ಲ. ತನ್ನ ನಾಡೆಂಬುದು ಆಕೆಗೆ ಹಿರಿಯರ ಬಾಯಿಮಾತಿನಲ್ಲಿ ಮಾತ್ರ ಇದ್ದಿತು. ರಾಜ್ಯವಿಲ್ಲದ ಅರಸನಿಗೆ ಹೆಣ್ಣುಮಕ್ಕಳೇ ಉಳಿದ ಸಂಪತ್ತು ಎಂದರೆ ಕಠಿಣವಾದೀತು, ಆದರೆ ಸುಳ್ಳಾಗಲಾರದು. ನೇಪಾಳದ ಪ್ರಧಾನಿ ಜಂಗ್ ಬಹಾದೂರನು 1850ರಲ್ಲಿ ವಿಲಾಯತಿ ಪ್ರವಾಸದಿಂದ ಹಿಂದಿರುಗುತ್ತ ಕಾಶಿಯಲ್ಲಿ ತಂಗಿದಾಗ, ಈ ಅರಸನ ಮತ್ತೊಬ್ಬ ಮಗಳನ್ನು ವಿವಾಹವಾದನು. ಒಬ್ಬ ಮಗಳಿಂದ ನೇಪಾಳದ ಸಂಬಂಧ ಬೆಳೆಯಿತು. ಇನ್ನೊಬ್ಬಳಿಂದ ಇಂಗ್ಲೆಂಡಿನ ಸಂಬಂಧವನ್ನು ಬೆಳೆಸುವ ಯೋಚನೆಯು ಅರಸನ ಮನಸ್ಸಿನಲ್ಲಿ ಬಲಿಯಿತು.

ಅದಕ್ಕೆ ಕಾರಣವೂ ಉಂಟು. ದೊಡ್ಡವೀರರಾಜೇಂದ್ರನು ಹಿಂದೆ ಕುಂಪಣಿಯ ಸಾಲಪತ್ರಗಳಲ್ಲಿ ಬಹಳ ಹಣವನ್ನು ತೊಡಗಿಸಿದ್ದನು. ಯುದ್ಧವಾದ ಮೇಲೆ ಕುಂಪಣಿಯವರು ಅದನ್ನು ತಮ್ಮದಾಗಿಸಿಕೊಂಡರು. ರಾಜ್ಯ ಹೋದರೂ ಈ ಹಣವು ತನ್ನ ಸ್ವಂತದ್ದೆಂದು ವಾದಿಸಿ, ವಿಲಾಯತಿಯ ನ್ಯಾಯಾಲಯದಲ್ಲಿಯೇ ಕುಂಪಣಿಯ ಮೇಲೆ ವ್ಯಾಜ್ಯ ಹೂಡುವುದಾಗಿ ಅರಸನು ನಿಶ್ಚಯಿಸಿದನು. ಮಗಳನ್ನು ಕ್ರೈಸ್ತ ಮತದಲ್ಲಿ ಬೆಳೆಸಲು ಒಪ್ಪಿಸುವೆನೆಂದು ತಿಳಿಸಿ, 1852ರಲ್ಲಿ ಆಕೆಯನ್ನು ಕರೆದುಕೊಂಡು ಹಡಗನ್ನೇರಿದನು. ರಾಜಮನೆತನದವರು ಸಮುದ್ರ ದಾಟುವುದೇ ಅಪೂರ್ವವಾಗಿದ್ದ ದಿನಗಳವು. ತಂದೆಗೆ ಮಗಳ ಆತ್ಮದ ಚಿಂತೆಯಿತ್ತೋ, ವ್ಯಾಜ್ಯದ ಚಿಂತೆಯಿತ್ತೋ ಎಂಬುದನ್ನು ವಾಚಕರೇ ತೂಗಿ ನೋಡಬಹುದು. ಆತನು ಮಾತ್ರ ಕಡೆಯವರೆಗೆ ತನ್ನ ಮತವನ್ನು ಬಿಡಲಿಲ್ಲ.

1852ನೆಯ ಜೂನ್ 30ರಂದು ಬಕಿಂಗ್‌ಹ್ಯಾಮ್ ಅರಮನೆಯ ಪ್ರಾರ್ಥನಾಲಯದಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರು ಗೌರಮ್ಮನಿಗೆ ದೀಕ್ಷಾಸ್ನಾನವನ್ನು ಕೊಟ್ಟರು. ವಿಕ್ಟೋರಿಯಾ ಮಹಾರಾಣಿಯವರು ತಾವೇ ಧರ್ಮಮಾತೆಯಾಗಿ ನಿಂತು ತಮ್ಮ ಹೆಸರನ್ನೇ ಆಕೆಗೆ ಕೊಟ್ಟರು. ಭಾರತದ ಅರಸುಕುಲದ ಕನ್ಯೆಯೊಬ್ಬಳು ಮಹಾರಾಣಿಯ ಧರ್ಮಪುತ್ರಿಯಾದಳೆಂಬ ವಾರ್ತೆಯು ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಹರಡಿತು. ನಮ್ಮಂತಹ ಶಾಲೆಗಳಲ್ಲಿ ಕಲಿತವರಿಗೆ ಇದು ಸಂತೋಷದ ವಾರ್ತೆಯೆಂದು ತೋರುವುದು ಸಹಜ. ಆದರೆ ಆ ದಿನ ನಿಂತಿದ್ದವಳು ಒಂದು ಚಿಕ್ಕ ಮಗು, ತಾನು ಕೇಳಿ ಬೆಳೆದ ಮಾತಿನ ಒಂದು ಅಕ್ಷರವೂ ಕೇಳಿಸದ ಮಂದಿಯ ನಡುವೆ. ಆಕೆಯ ಇಚ್ಛೆ ಏನೆಂದು ಯಾರಾದರೂ ವಿಚಾರಿಸಿದರೆಂಬುದಕ್ಕೆ ದಾಖಲೆಯೊಂದೂ ನಮಗೆ ದೊರೆತಿಲ್ಲ.

ಅದೇ ವರ್ಷ ಚಿತ್ರಕಾರ ವಿಂಟರ್‌ಹಾಲ್ಟರನು ಮಹಾರಾಣಿಯವರ ಅಪ್ಪಣೆಯಂತೆ ಆಕೆಯ ವರ್ಣಚಿತ್ರವನ್ನು ಬರೆದನು. ಶಿಲ್ಪಿ ಮರೊಚೆಟ್ಟಿಯು ಬಣ್ಣ ಹಚ್ಚಿದ ಅಮೃತಶಿಲೆಯಲ್ಲಿ ಆಕೆಯ ಮುಖವನ್ನು ಕೆತ್ತಿದನು. ರಾಜಕುಟುಂಬದ ಸಂಗ್ರಹದಲ್ಲಿ ಇವೆರಡೂ ಉಳಿದು ಬಂದಿವೆ. ಮುಖವೇನೋ ಉಳಿಯಿತು, ಮನಸ್ಸು ಅಷ್ಟು ಸುಲಭವಾಗಿ ದೊರೆಯದು.

ದೀಕ್ಷಾಸ್ನಾನದ ತರುವಾಯ ಬಾಲಕಿಯನ್ನು ತಂದೆಯ ಬಳಿಯಲ್ಲಿ ಇರಗೊಡಲಿಲ್ಲ. ಮೊದಲು ಡ್ರಮಂಡ್ ಎಂಬ ಸೇನಾಧಿಕಾರಿಯ ಪತ್ನಿಯ ಪೋಷಣೆಯಲ್ಲಿಯೂ, ಆ ಮೇಲೆ ಸರ್ ಜೇಮ್ಸ್ ಹಾಗ್ ಎಂಬ ಕುಂಪಣಿಯ ಗಣ್ಯರ ಮನೆಯಲ್ಲಿಯೂ, ಕಡೆಗೆ ಸರ್ ಜಾನ್ ಲಾಗಿನ್ ದಂಪತಿಗಳ ಪಾಲನೆಯಲ್ಲಿಯೂ ಆಕೆಯು ಬೆಳೆದಳು. ತಂದೆಯ ಸಹವಾಸದಿಂದ ಹೊಸ ಮತವೂ ಹೊಸ ನಡೆನುಡಿಯೂ ಕೆಟ್ಟೀತೆಂಬ ಭಯದಿಂದ ಅವರಿಬ್ಬರ ಭೇಟಿಗಳನ್ನು ಮಿತಗೊಳಿಸಿದರು. ಒಂದೇ ಪಟ್ಟಣದಲ್ಲಿ ತಂದೆಯೂ ಮಗಳೂ ಇದ್ದು ನೋಡಬೇಕಾದರೆ ಅನುಮತಿ ಬೇಡಬೇಕಾದ ಸ್ಥಿತಿ! ಒಂದು ಮನೆಯಿಂದ ಮತ್ತೊಂದು ಮನೆಗೆ ಸಾಗಿದ ಹುಡುಗಿಯು ಹರೆಯಕ್ಕೆ ಬಂದಂತೆ ಹಟಮಾರಿಯಾದಳೆಂದೂ, ಪೋಷಕರ ಕಟ್ಟುನಿಟ್ಟನ್ನು ಮೀರಲು ಯತ್ನಿಸಿದಳೆಂದೂ ಬರೆದಿದ್ದಾರೆ. ಬೋರ್ಡಿಂಗಿನಲ್ಲಿ ಹೆಣ್ಣುಮಕ್ಕಳನ್ನು ನೋಡಿಕೊಂಡ ಮೇಟ್ರನ್ನರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಾರದು.

ಈ ಮಧ್ಯೆ ಮಹಾರಾಣಿಯವರ ಮನಸ್ಸಿನಲ್ಲಿ ಒಂದು ವಿವಾಹದ ಆಲೋಚನೆಯು ಮೊಳೆಯಿತು. ಹತ್ತನೆಯ ವಯಸ್ಸಿನಲ್ಲಿ ಪಂಜಾಬಿನ ರಾಜ್ಯವನ್ನು ಕಳೆದುಕೊಂಡ ಮಹಾರಾಜ ದಲೀಪ್ ಸಿಂಗನು 1853ರಲ್ಲಿ ಕ್ರೈಸ್ತನಾಗಿ 1854ರಲ್ಲಿ ಇಂಗ್ಲೆಂಡಿಗೆ ಬಂದಿದ್ದನು. ಆತನ ಪಾಲಕರೂ ಲಾಗಿನ್ನರೇ. ರಾಜ್ಯವಿಲ್ಲದ ಈ ಇಬ್ಬರೂ ಮದುವೆಯಾದರೆ ಭಾರತದ ಮೊದಲ ಕ್ರೈಸ್ತ ರಾಜದಂಪತಿಗಳಾಗುವರೆಂದು ಅರಮನೆಯವರು ಭಾವಿಸಿದರು. ದಲೀಪನು ಗೌರಮ್ಮನನ್ನು ತಂಗಿಯಂತೆ ಕಂಡನೇ ಹೊರತು ವರಿಸಲು ಒಪ್ಪಲಿಲ್ಲ. ಆತನು ಕಡೆಗೆ 1864ರಲ್ಲಿ ವಿವಾಹವಾದದ್ದು ಈಜಿಪ್ಟಿನ ಕೈರೋ ಪಟ್ಟಣದ ಅಮೆರಿಕನ್ ಮಿಷನ್ನಿನ ಶಾಲೆಯಲ್ಲಿ ಬೆಳೆದ ಬಾಂಬಾ ಮುಲ್ಲರ್ ಎಂಬ ಸಾಧಾರಣ ಕನ್ಯೆಯನ್ನು. ಅರಮನೆಯವರು ಆರಿಸಿದ ರಾಜಕುಮಾರಿಯನ್ನು ಒಲ್ಲದೆ ಮಿಷನ್ ಶಾಲೆಯ ಹುಡುಗಿಯನ್ನು ಆತನೇ ಹುಡುಕಿಕೊಂಡನೆಂಬುದು ನಮ್ಮ ವಿದ್ಯಾರ್ಥಿನಿಯರಿಗೆ ರುಚಿಸುವ ಸಂಗತಿ.

ಕಡಲು ದಾಟಿದ ಧರ್ಮಪುತ್ರಿ ಗೌರಮ್ಮನೊಬ್ಬಳೇ ಅಲ್ಲ. ಆಫ್ರಿಕಾ ಖಂಡದ ಪಡುವಣ ತೀರದ ದಾಹೊಮೆಯಿಂದ 1850ರಲ್ಲಿ ಇಂಗ್ಲಿಷ್ ನೌಕಾಧಿಕಾರಿಯೊಬ್ಬನು ಕರೆತಂದ ಸಾರಾ ಫೋರ್ಬ್ಸ್ ಬೊನೆಟ್ಟಾ ಎಂಬ ಅನಾಥ ಬಾಲಕಿಯೂ ಮಹಾರಾಣಿಯವರ ಪೋಷಣೆಗೆ ಬಂದಳು. ಆಕೆಯನ್ನು ಓದಲೆಂದು ಫ್ರೀಟೌನಿನ ಮಿಷನ್ ಬಾಲಿಕಾ ಶಾಲೆಗೆ ಕಳುಹಿಸಿ, 1855ರಲ್ಲಿ ಪುನಃ ಇಂಗ್ಲೆಂಡಿಗೆ ಕರೆಸಿಕೊಂಡರು. ದೊಡ್ಡವರ ಕೃಪೆಯೆಂಬುದು ಮಕ್ಕಳನ್ನು ಹೀಗೆ ಹಡಗಿನಿಂದ ಹಡಗಿಗೆ ಏರಿಸಿ ಇಳಿಸುತ್ತಿತ್ತು.

ಇತ್ತ ಅರಸನ ವ್ಯಾಜ್ಯವು ವರ್ಷಗಟ್ಟಲೆ ಎಳೆಯಿತು. 1859ರಲ್ಲಿ ಚಿಕ್ಕವೀರರಾಜೇಂದ್ರನು ಲಂಡನಿನಲ್ಲಿಯೇ ತೀರಿಕೊಂಡನು. ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಆತನನ್ನು ಹೂಳಿದರು. 1860ರಲ್ಲಿ ನ್ಯಾಯಾಲಯವು ಆ ವ್ಯಾಜ್ಯವನ್ನು ವಜಾ ಮಾಡಿತು. ಯುದ್ಧದಲ್ಲಿ ಸರ್ಕಾರವು ವಶಪಡಿಸಿಕೊಂಡುದನ್ನು ನ್ಯಾಯಾಲಯವು ವಿಚಾರಿಸಲಾಗದೆಂಬುದು ತೀರ್ಪಿನ ತಾತ್ಪರ್ಯ. ಯಾವ ಹಣಕ್ಕಾಗಿ ಮಗಳನ್ನು ಕಡಲು ದಾಟಿಸಿದನೋ ಆ ಹಣವು ಬರಲಿಲ್ಲ.

ತೀರ್ಪು ಬಂದ ವರ್ಷವೇ, ಹತ್ತೊಂಬತ್ತರ ವಯಸ್ಸಿನ ಗೌರಮ್ಮನು ಕರ್ನಲ್ ಜಾನ್ ಕ್ಯಾಂಬೆಲ್ ಎಂಬವನನ್ನು ವಿವಾಹವಾದಳು. ಈತನು ಲೇಡಿ ಲಾಗಿನ್ನರ ಸಹೋದರ, ವಿಧುರ, ವಯಸ್ಸಿನಲ್ಲಿ ಆಕೆಗಿಂತ ಬಹಳ ಹಿರಿಯ. 1861ರಲ್ಲಿ ಒಬ್ಬ ಮಗಳು ಹುಟ್ಟಿದಳು. ಆ ಮಗುವಿಗೆ ಎಡಿತ್ ವಿಕ್ಟೋರಿಯಾ ಗೌರಮ್ಮ ಎಂದು ಹೆಸರಿಟ್ಟರು. ತನ್ನ ಹೆಸರಿನೊಂದಿಗೆ ಉಳಿದಿದ್ದ ಒಂದೇ ಕನ್ನಡ ಮಾತನ್ನು ತಾಯಿಯು ಮಗಳಿಗೆ ದಾಟಿಸಿದಳು. ಈ ಚರಿತ್ರೆಯಲ್ಲಿ ಆಕೆಯ ಸ್ವಂತ ಇಚ್ಛೆಯೆಂದು ನನಗೆ ತೋರುವುದು ಇದೊಂದೇ. ವಿವಾಹವು ಸುಖಕರವಾಗಲಿಲ್ಲ. ಕ್ಷಯರೋಗವು ಆಕೆಯನ್ನು ಹಿಡಿಯಿತು. 1864ನೆಯ ವಸಂತದಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಮೂರು ವರ್ಷವೂ ತುಂಬದ ಮಗುವನ್ನು ಬಿಟ್ಟು ಗೌರಮ್ಮನು ಕಣ್ಣು ಮುಚ್ಚಿದಳು. ಲಂಡನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಆಕೆಯನ್ನು ಸಮಾಧಿ ಮಾಡಿದರು. 1867ರಲ್ಲಿ ಕರ್ನಲ್ ಕ್ಯಾಂಬೆಲ್ಲನು ಮನೆಯಿಂದ ಹೊರಟವನು ಮರಳಲಿಲ್ಲ. ಗೌರಮ್ಮನ ಒಡವೆಗಳೂ ಆತನೊಡನೆಯೇ ಕಾಣೆಯಾದುವೆಂದು ಹೇಳುವರು. ಹೀಗೆ ಎಡಿತಳು ಚಿಕ್ಕ ವಯಸ್ಸಿನಲ್ಲಿಯೇ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡಳು.

ಹೀಗೆ ಕಡಲು ದಾಟಿಸಲ್ಪಟ್ಟ ಮಕ್ಕಳ ಸಂಖ್ಯೆ ಆ ಶತಮಾನದಲ್ಲಿಯೂ ಅನಂತರವೂ ಬಹಳ ದೊಡ್ಡದು. 1869ರಿಂದ ಮೊದಲಾಗಿ ಇಂಗ್ಲೆಂಡಿನ ಧರ್ಮಸಂಸ್ಥೆಗಳು ಬಡ ಮಕ್ಕಳನ್ನೂ ಅನಾಥರನ್ನೂ ಕೆನಡಾ ದೇಶಕ್ಕೆ ಸಾಗಿಸಿದುವು. ಹೋದವರು ಒಂದು ಲಕ್ಷಕ್ಕೆ ಕಡಿಮೆಯಿಲ್ಲವೆಂದು ಅಂದಾಜು. ಆಸ್ಟ್ರೇಲಿಯಾಕ್ಕೆ ಕಳುಹಿಸುವುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದವರೆಗೂ ನಡೆಯಿತು. ನಮ್ಮ ದೇಶವೂ ಇದಕ್ಕೆ ಹೊರತಲ್ಲ. ಸ್ಕಾಟ್ಲೆಂಡಿನ ಮಿಷನರಿ ಡಾಕ್ಟರ್ ಜಾನ್ ಗ್ರಹಾಂ 1900ರಲ್ಲಿ ಕಾಲಿಂಪಾಂಗಿನಲ್ಲಿ ಸ್ಥಾಪಿಸಿದ ಆಶ್ರಮದಿಂದ, ಚಹಾ ತೋಟದ ದೊರೆಗಳಿಗೂ ಸ್ಥಳೀಯ ತಾಯಂದಿರಿಗೂ ಹುಟ್ಟಿದ 130 ಮಂದಿ ಎಳೆಯರನ್ನು 1908ರಿಂದ 1938ರೊಳಗೆ ನ್ಯೂಜಿಲೆಂಡಿಗೆ ಕಳುಹಿಸಿದರು. ಕಳುಹಿಸಿದವರ ಉದ್ದೇಶ ಕೆಟ್ಟದ್ದೆಂದು ನಾನು ಹೇಳಲಾರೆ. ಆದರೆ ತಾಯಂದಿರ ಹೆಸರನ್ನು ಮಕ್ಕಳಿಗೆ ತಿಳಿಸದೆ ಇದ್ದುದು ಉಪಕಾರವೆಂದೂ ಹೇಳಲಾರೆ. ಆಸ್ಟ್ರೇಲಿಯಾದ ಸರ್ಕಾರವು 2009ರಲ್ಲಿಯೂ ಬ್ರಿಟಿಷ್ ಸರ್ಕಾರವು 2010ರಲ್ಲಿಯೂ ಇಂತಹ ವಲಸೆ ಮಕ್ಕಳ ಕ್ಷಮೆಯನ್ನು ಬಹಿರಂಗವಾಗಿ ಬೇಡಿದುವು. ಅವರ ಮೊಮ್ಮಕ್ಕಳು ಹಡಗಿನ ಪಟ್ಟಿಗಳಲ್ಲಿ, ಆಶ್ರಮದ ದಫ್ತರಗಳಲ್ಲಿ, ತಪ್ಪಾಗಿ ಬರೆದ ಹೆಸರುಗಳ ನಡುವೆ ಅಜ್ಜಿಯ ಊರನ್ನು ಹುಡುಕುತ್ತಿರುವರು.

ಗೌರಮ್ಮನ ವಂಶಜರಿಗೆ ಈ ಹುಡುಕಾಟವು ಅಷ್ಟು ಕಷ್ಟವಾಗಬಾರದಾಗಿತ್ತು. ಆಕೆಯು ರಾಜಕುಮಾರಿ, ಮಹಾರಾಣಿಯ ದಿನಚರಿಯಲ್ಲಿ ಹೆಸರು ಪಡೆದವಳು. ಲೇಡಿ ಲಾಗಿನ್ನರು 1890ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೂ, 1916ರಲ್ಲಿ ಹೊರಬಂದ ಅವರ ಸ್ಮರಣೆಗಳಲ್ಲಿಯೂ ಆ ಕಾಲದ ವೃತ್ತಾಂತವು ದೊರೆಯುತ್ತದೆ. ಆದರೆ ಬರೆದವರು ಹುಡುಗಿಯ ಪೋಷಕಿ, ಸಾಲದುದಕ್ಕೆ ಅತ್ತಿಗೆ; ಹೀಗಾಗಿ ಅಲ್ಲಿ ಬರುವ ದೂರುಗಳನ್ನು ಒಂದು ಪಕ್ಷದ ಮಾತೆಂದೇ ಓದಬೇಕು. ಎಡಿತಳು 1882ರಲ್ಲಿ ಯಾರ್ಡ್ಲಿ ಎಂಬವರನ್ನು ವಿವಾಹವಾದಳು. ಹೆಂಗಸರ ಮನೆತನದ ಹೆಸರು ಮದುವೆಯೊಡನೆ ಬದಲಾಗುವುದರಿಂದ ತಾಯಿಯ ಕಡೆಯ ಎಳೆಯು ಎರಡೇ ತಲೆಮಾರಿನಲ್ಲಿ ಕಣ್ಮರೆಯಾಗುತ್ತದೆ: ಕೊಡಗಿನ ಒಡೆಯರ ಮಗಳು ಕ್ಯಾಂಬೆಲ್ ಆದಳು, ಆಕೆಯ ಮಗಳು ಯಾರ್ಡ್ಲಿ ಆದಳು. ಕಾಲಾಂತರದಲ್ಲಿ ಈ ಸಂತತಿಯು ಆಸ್ಟ್ರೇಲಿಯಾವನ್ನು ಸೇರಿತು; ಕೊಡಗಿನಲ್ಲಿ ಆಕೆಗೆ ಸಂತಾನವಿತ್ತೆಂಬುದನ್ನೇ ಬಹುಮಂದಿ ಅರಿಯರು.

ಕೊಡಗಿನ ಲೇಖಕರಾದ ಸಿ. ಪಿ. ಬೆಳ್ಳಿಯಪ್ಪನವರು ಈ ಎಳೆಯನ್ನು ಹಿಡಿದು, ಹಳೆಯ ಕಾಗದಪತ್ರಗಳನ್ನು ಶೋಧಿಸಿ, ರಾಜಕುಮಾರಿಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಗ್ರಂಥರೂಪವಾಗಿ ಹೊರತಂದರು. ಆಸ್ಟ್ರೇಲಿಯಾದಲ್ಲಿರುವ ವಂಶಜರ ಸಂಪರ್ಕವೂ ಅವರಿಗೆ ಒದಗಿತು. ತಮ್ಮ ಅಜ್ಜಿಯ ಅಜ್ಜಿಯ ಹೆಸರಿನ ಅರ್ಥವೇನೆಂದು ಆ ದೂರದ ಬಂಧುಗಳಿಗೆ ಒಬ್ಬ ಕೊಡಗಿನವರೇ ತಿಳಿಸುವಂತಾದುದು ಯೋಗ್ಯವೇ ಸರಿ. ಗೌರಿಹಬ್ಬದಂದು ಬಾಗಿನ ಕೊಡುವ ನಮ್ಮ ಊರುಗಳಲ್ಲಿ ಆ ಹೆಸರನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ.

ಮಡಿಕೇರಿಯ ಗದ್ದುಗೆಯಲ್ಲಿ ದೊಡ್ಡವೀರರಾಜೇಂದ್ರನ ಮತ್ತು ಲಿಂಗರಾಜೇಂದ್ರನ ಸಮಾಧಿಗಳು ತಮ್ಮ ಗುಮ್ಮಟಗಳ ಕೆಳಗೆ ಇವೆ. ಬೇಸಿಗೆಯ ರಜೆಯಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುವವರು, ಆ ಲಿಂಗರಾಜೇಂದ್ರನ ಮೊಮ್ಮಗಳ ಸಮಾಧಿಯು ಲಂಡನಿನ ಬ್ರಾಂಪ್ಟನ್ನಿನಲ್ಲಿ ಉಂಟೆಂಬುದನ್ನೂ ಅವರಿಗೆ ಹೇಳಬಹುದು.